ಥರ್ಡ್ ಪಾರ್ಟಿ ಎಂದರೆ ಯಾರು?



ನಮ್ಮ ಯುವಜನರ ಕೂಟದಲ್ಲಿ ನನಗೆ ಬರುವ ಪ್ರಶ್ನೆಗಳನ್ನು ಲೆಕ್ಕ ಹಾಕಿದರೆ, ಶುಭಸಂದೇಶದ ಬಗ್ಗೆ ಬರುವುದಕ್ಕಿಂತ ನನ್ನ ಕಾರಿನ ಬಗ್ಗೆ ಬರುವುದೇ ಜಾಸ್ತಿ. “ಅಣ್ಣಾ, ಇದು ಇಂಪೋರ್ಟೆಡ್ ಕಾರಾ?” “ಅಣ್ಣಾ, ಎಷ್ಟು ಸ್ಪೀಡ್ ಹೋಗುತ್ತೆ?” “ಸೈಲೆನ್ಸರ್ ಯಾಕಣ್ಣಾ ಇನ್ನೂ ಕಂಪನಿದೇ ಇಟ್ಕೊಂಡಿದ್ದೀಯ?” ಅಪ್ಪಂದಿರು ಕೇಳುವುದು ಬೇರೆ: “ಏನಪ್ಪಾ, ನಿನ್ನ ನೋಡಿ ನಮ್ಮ ಹುಡುಗನೂ ಅಂಥದ್ದೇ ಬೇಕು ಅಂತಾನೆ, ಅದಕ್ಕೆ ತಿಂಗಳಿಗೆ ಎಷ್ಟು ಖರ್ಚು ಬರುತ್ತೆ?” ಒಬ್ಬೊಬ್ಬರಿಗೂ ನಿಂತು ಉತ್ತರ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದುಬಿಡೋಣ ಎನ್ನಿಸಿತು. ಗುಮ್ಮಳಾಪುರದ ಹೆಸರು ಕನ್ನಡ ಓದಿದವರಿಗೆ ಗೊತ್ತಿರುವುದು ಶೂನ್ಯಸಂಪಾದನೆಯ ಸಿದ್ಧಲಿಂಗದೇವರಿಂದ. ಕಾರಿನಿಂದ ಊರಿಗೆ ಹೆಸರು ತರುವ ಆಸೆ ನನಗಿಲ್ಲ. ಕೆಟ್ಟ ಹೆಸರು ಬರದಿದ್ದರೆ ಸಾಕು.

ಕಾರು ಯಾವುದು ಎಂದು ಮೊದಲು ಹೇಳುತ್ತೇನೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2007ರದು. 1.8 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇದೆ, 150 ಅಶ್ವಶಕ್ತಿ, ಗೇರು ಕೈಯಲ್ಲೇ ಹಾಕಬೇಕು. ಹೊಸದಾಗಿದ್ದಾಗ ನಮ್ಮಂಥವರು ಗಾಜಿನಾಚೆಯಿಂದ ನೋಡಬೇಕಾಗಿದ್ದ ಕಾರು. ಈಗ ಒಂದು ಹೊಸ ಬುಲೆಟ್ ಬೈಕಿಗೆ ಕೊಡುವ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಸಿಗುತ್ತದೆ. ಬಿಎಸ್‌ಸಿ ಮುಗಿಸಿ ಹೊಸೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಉಳಿಸಿದ ದುಡ್ಡಿನಲ್ಲಿ, 2023ರಲ್ಲಿ, ಕೊಯಮತ್ತೂರಿನಿಂದ ತಂದೆ. ಸಾಲ ಮಾಡಲಿಲ್ಲ.

ಇಂಪೋರ್ಟೆಡ್ ಹೌದಾ, ಅಲ್ಲವಾ?

ಊರಲ್ಲಿ ಎಲ್ಲರೂ ಇದನ್ನು ಇಂಪೋರ್ಟೆಡ್ ಕಾರು ಅಂತಲೇ ಕರೆಯುವುದು. ಕಾಗದದ ಪ್ರಕಾರ ಅಲ್ಲ. ಇಂಥ ಕಾರುಗಳು ಎರಡು ರೀತಿಯಲ್ಲಿ ನಮ್ಮ ದೇಶಕ್ಕೆ ಬರುತ್ತವೆ. ಒಂದು, ಹೊರದೇಶದಲ್ಲೇ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದದ್ದು. ಇನ್ನೊಂದು, ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದದ್ದು. ನನ್ನದು ಎರಡನೆಯ ಜಾತಿ. ಮಹಾರಾಷ್ಟ್ರದ ಔರಂಗಾಬಾದಿನ ಕಾರ್ಖಾನೆಯಲ್ಲಿ ಜೋಡಿಸಿದ್ದು. ಮೊದಲನೆಯ ಜಾತಿಗೆ ಉದಾಹರಣೆ ಬೇಕೆಂದರೆ 2016ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ. ಇಡೀ ಭಾರತಕ್ಕೆ ತರಿಸಿದ್ದು 99 ಕಾರು ಮಾತ್ರ. ನೋಡಲು ಮಾಮೂಲಿ ಪೋಲೊ ಥರ ಇದ್ದರೂ ಬೆಲೆ ಸುಮಾರು 26 ಲಕ್ಷ. ಆಮದು ಸುಂಕ ಎಂದರೆ ಏನು ಎಂಬುದು ಆ ಒಂದು ಬೆಲೆಯಲ್ಲೇ ಗೊತ್ತಾಗುತ್ತದೆ.

“ಹೆಸರಿಗೆ ಏನಾದರೇನು, ಓಡಿದರೆ ಆಯ್ತು” ಎನ್ನಬೇಡಿ. ಈ ವ್ಯತ್ಯಾಸ ಜೇಬಿಗೆ ತಾಗುತ್ತದೆ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಮತ್ತೆ ಮಾಡಿಸಬೇಕು, ಅದು 5 ವರ್ಷಕ್ಕೆ ನಡೆಯುತ್ತದೆ. 2022ರ ಏಪ್ರಿಲ್‌ನಿಂದ ಇದಕ್ಕೆ ಮಾಮೂಲಿ ಕಾರಿಗೆ 5,000 ರೂಪಾಯಿ ಶುಲ್ಕವಾದರೆ ಆಮದು ಕಾರಿಗೆ 40,000. 2025ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮದಲ್ಲಿ 20 ವರ್ಷ ಮೀರಿದ ಕಾರಿಗೆ 10,000, ಆಮದು ಕಾರಾದರೆ 80,000. ಆದ್ದರಿಂದ ಹಳೆಯ ಕಾರು ನೋಡಲು ಹೋದರೆ ಮೊದಲು ಬಾನೆಟ್ ಎತ್ತಬೇಡಿ, ಆರ್‌ಸಿ ಎತ್ತಿ ನೋಡಿ. ಎಂಜಿನ್ ನಂಬರು, ಚಾಸಿ ನಂಬರು, ಬಣ್ಣ, ಇಂಧನ ಎಲ್ಲವೂ ಎದುರಿಗಿರುವ ಕಾರಿಗೆ ಹೊಂದಬೇಕು. ಮಾರುವವನು “ಅದೆಲ್ಲಾ ಆಮೇಲೆ ಸರಿಮಾಡಿಸ್ಕೊಳ್ಳಿ” ಎಂದರೆ ಟೀ ಕುಡಿದು ವಾಪಸ್ ಬನ್ನಿ.

ಇನ್ನೊಂದು ಮಾತು ನಮ್ಮ ಗಡಿನಾಡಿನವರಿಗೆ ಮಾತ್ರ. ಬೆಂಗಳೂರು ನಮಗೆ ಕೂಗಳತೆ. ಅಲ್ಲಿ ಇಂಥ ಕಾರುಗಳು ಬೇಕಾದಷ್ಟು ಮಾರಾಟಕ್ಕಿರುತ್ತವೆ, ಹತ್ತಿಪ್ಪತ್ತು ಸಾವಿರ ಕಡಿಮೆಗೂ ಸಿಗಬಹುದು. ಆದರೆ ಕೆಎ ನಂಬರಿನ ಕಾರನ್ನು ಇಲ್ಲಿಗೆ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಲೇಬೇಕು. ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಮತ್ತೆ ತೆರಿಗೆ, ಓಡಾಟ. ಮನೆ ತಮಿಳುನಾಡಿನಲ್ಲಿ, ಮಾತು ಕನ್ನಡದಲ್ಲಿ, ಕೆಲಸ ಬೆಂಗಳೂರಿನಲ್ಲಿ ಎನ್ನುವವರು ನಮ್ಮಲ್ಲಿ ಎಷ್ಟೋ ಜನ. ಆರ್‌ಟಿಒದವರು ಮಾತು ಯಾವುದು ಎಂದು ಕೇಳುವುದಿಲ್ಲ, ಕಾರು ನಿಲ್ಲುವ ಮನೆ ಯಾವುದು ಎಂದು ಕೇಳುತ್ತಾರೆ. ನಾನು ತಮಿಳುನಾಡಿನ ನಂಬರಿನದೇ ಹುಡುಕಿ ಅಷ್ಟು ದೂರ ಹೋದದ್ದು ಅದಕ್ಕೇ.

ಕುಳಿತು ಲೆಕ್ಕ ಹಾಕುವುದು

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಕು ಎಂಬ ಸಾಮತಿ ಲೂಕನ 14ನೇ ಅಧ್ಯಾಯದಲ್ಲಿದೆ. ಹಳೆಯ ಟರ್ಬೊ ಕಾರು ಕೊಳ್ಳುವವರು ಅದನ್ನು ಎರಡು ಸಲ ಓದಬೇಕು.

ಕಾರಿನ ಬೆಲೆ ಖರ್ಚಿನ ಆರಂಭ ಅಷ್ಟೇ. ಈ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಎಂದು ಒಂದಿದೆ. ಅದು ತುಂಡಾದರೆ ಪಿಸ್ಟನ್ನು ಹೋಗಿ ವಾಲ್ವ್‌ಗೆ ಹೊಡೆದು ಎಂಜಿನ್ನೇ ಹಾಳು. ಹಿಂದಿನ ಯಜಮಾನ ಯಾವಾಗ ಬದಲಿಸಿದ್ದ ಎಂಬುದಕ್ಕೆ ಬಿಲ್ಲು ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿಯಬೇಕು. ಬೆಲ್ಟ್, ಅದರ ಜೊತೆ ವಾಟರ್ ಪಂಪ್, ನಾಲ್ಕು ಇಗ್ನಿಷನ್ ಕಾಯಿಲ್, ಬಿರುಕು ಬಿಟ್ಟ ರಬ್ಬರ್ ಪೈಪುಗಳು, ಬ್ರೇಕ್ ಪ್ಯಾಡು, ನಾಲ್ಕು ಟೈರು. ಮೊದಲ ಆರು ತಿಂಗಳಲ್ಲಿ ನನಗೆ ಹಿಡಿದದ್ದು 90 ಸಾವಿರ ಚಿಲ್ಲರೆ. ಇದನ್ನು ಕಾರು ಕೊಳ್ಳುವ ಮೊದಲೇ ಬೇರೆ ಎತ್ತಿಟ್ಟಿದ್ದೆ. ಎತ್ತಿಡಲು ಆಗದಿದ್ದರೆ ಕಾರನ್ನೇ ಮುಂದಕ್ಕೆ ಹಾಕಬೇಕು.

ರಸಾಯನಶಾಸ್ತ್ರ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ಕೆಲವು ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. 2007ರ ಕಾರನ್ನು ಇದಕ್ಕೆಂದು ಮಾಡಿರಲಿಲ್ಲ. ಆದ್ದರಿಂದ ಪೆಟ್ರೋಲ್ ಪೈಪುಗಳನ್ನು ಹೊಸ ಜಾತಿಯವಕ್ಕೆ ಬದಲಿಸಿದ್ದೇನೆ, ವಾರಗಟ್ಟಲೆ ನಿಲ್ಲಿಸುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಿಡಿಭಾಗ ಬಹಳಷ್ಟು ಸಿಗುತ್ತದೆ. ತಾಳ್ಮೆ ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗಬೇಕು.

ಅಪ್ಪ ಹಾಕಿದ ಒಂದೇ ಷರತ್ತು

ಅಪ್ಪನಿಗೆ ಕಾರು ಬೇಡವಾಗಿತ್ತು. ಗುಲಾಬಿ ತೋಟದ ಪಾಲಿಹೌಸಿನ ಪ್ಲಾಸ್ಟಿಕ್ ಬದಲಿಸಲು ದುಡ್ಡು ಬೇಕಾಗಿರುವಾಗ ಮಗ ಟರ್ಬೊ ಅಂತಾನೆ! ಆದರೂ “ನಿನ್ನ ಸಂಪಾದನೆ, ನಿನ್ನ ಇಷ್ಟ” ಎಂದರು. ಆಮೇಲೆ ಒಂದು ಷರತ್ತು ಹಾಕಿದರು: “ಇನ್ಶೂರೆನ್ಸ್ ಒಂದು ದಿನವೂ ತಪ್ಪಬಾರದು. ತಪ್ಪಿದ ದಿನ ಗಾಡಿ ಕೊಟ್ಟಿಗೆಯಿಂದ ಆಚೆ ಬರಬಾರದು.”

ಇದರ ಹಿಂದೆ ನಮ್ಮ ದೊಡ್ಡಪ್ಪ ಇದ್ದಾರೆ. ನಾನು ಚಿಕ್ಕವನಿದ್ದಾಗ ಅವರು ನಸುಕಿನಲ್ಲೇ ಸೈಕಲ್ಲಿನ ಮೇಲೆ ಹೂವಿನ ಮೂಟೆ ಕಟ್ಟಿಕೊಂಡು ತಳಿಗೆ ಹೋಗುತ್ತಿದ್ದರು. ಒಂದು ಬೆಳಗ್ಗೆ ಸರಕಿನ ವ್ಯಾನೊಂದು ಹಿಂದಿನಿಂದ ಗುದ್ದಿತು. ಎಡಗಾಲು ಎರಡು ಕಡೆ ಮುರಿಯಿತು. ಮೂರು ಆಪರೇಷನ್. ಎರಡು ಹಸು, ಅರ್ಧ ಎಕರೆ ಹೋಯಿತು. ವ್ಯಾನಿನ ಇನ್ಶೂರೆನ್ಸ್ ಮುಗಿದು ಕೆಲವು ತಿಂಗಳಾಗಿತ್ತು. ನ್ಯಾಯಮಂಡಳಿಯಲ್ಲಿ ಕೇಸು ನಡೆದು ಪರಿಹಾರ ಕೊಡಬೇಕೆಂದು ಆದೇಶವೇನೋ ಆಯಿತು. ಕೊಡಬೇಕಾದವನ ಬಳಿ ಏನೂ ಇರಲಿಲ್ಲ. ಅವನೂ ಕೆಟ್ಟವನೇನಲ್ಲ, ಮೂರು ಮಕ್ಕಳ ತಂದೆ, ಬಾಡಿಗೆ ಹೊಡೆದು ಬದುಕುವವನು. ಒಂದು ಸಲ ಮನೆಗೆ ಬಂದು ಅತ್ತು ಹೋದ. ಆ ಆದೇಶದ ಕಾಗದ ಇವತ್ತಿಗೂ ನಮ್ಮ ಮನೆಯ ಬೀರುವಿನಲ್ಲಿದೆ.

ಅವತ್ತು ಆ ವ್ಯಾನಿನವನು ಕಟ್ಟದೆ ಉಳಿಸಿದ್ದು ಒಂದು ವರ್ಷದ ಪ್ರೀಮಿಯಂ. ಅದಕ್ಕೆ ಬೆಲೆ ತೆತ್ತವರು ಅವನ ಹೆಸರನ್ನೂ ಕೇಳಿರದ ನಮ್ಮ ದೊಡ್ಡಪ್ಪ.

ಇನ್ಶೂರೆನ್ಸ್ ಕಾಗದದಲ್ಲಿ ‘ಥರ್ಡ್ ಪಾರ್ಟಿ’ ಎಂದು ಬರೆದಿರುತ್ತದಲ್ಲ, ಅದನ್ನು ನಾವು ‘ಪೊಲೀಸಿಗೆ ತೋರಿಸುವ ಕಾಗದ’ ಎಂದುಕೊಂಡಿದ್ದೇವೆ. ಆದರೆ ಅರ್ಥ ಸರಳ. ಮೊದಲನೆಯವನು ಗಾಡಿಯ ಯಜಮಾನ, ಎರಡನೆಯದು ಇನ್ಶೂರೆನ್ಸ್ ಕಂಪನಿ, ಮೂರನೆಯವನು ರಸ್ತೆಯಲ್ಲಿರುವ ಅಪರಿಚಿತ. ಸೈಕಲ್ಲಿನವನು, ಕುರಿ ಹೊಡೆದುಕೊಂಡು ಹೋಗುವ ಅಜ್ಜಿ, ಶಾಲೆಯ ಮಗು. ಮೋಟಾರು ವಾಹನ ಕಾಯಿದೆಯ 146ನೇ ಕಲಂ ಇದನ್ನು ಕಡ್ಡಾಯ ಮಾಡಿರುವುದು ಆ ಮೂರನೆಯವನಿಗಾಗಿ. ನಮ್ಮ ಸ್ವಂತ ಕಾರಿನ ರಿಪೇರಿಗೆ ಮಾಡಿಸುವುದು ನಮ್ಮ ಇಷ್ಟ. ಅವನಿಗಾಗಿ ಮಾಡಿಸುವುದು ಇಷ್ಟವಲ್ಲ, ಋಣ. “ನನ್ನ ನೆರೆಯವನು ಯಾರು?” ಎಂದು ಧರ್ಮಶಾಸ್ತ್ರಿ ಯೇಸುಸ್ವಾಮಿಯನ್ನು ಕೇಳಿದ ಪ್ರಶ್ನೆಗೆ ಉತ್ತರ ಬಂದದ್ದೂ ಒಂದು ರಸ್ತೆಯ ಕಥೆಯಲ್ಲೇ.

ಹಾಗಿದ್ದೂ ನಮ್ಮ ದೇಶದ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇನ್ಶೂರೆನ್ಸ್ ಇಲ್ಲವೆಂದು ಸಂಸತ್ತಿನ ಸಮಿತಿಯ ವರದಿಯೇ ಹೇಳಿದೆ. ಅವುಗಳಲ್ಲಿ ಬಹುಪಾಲು ಬೈಕು, ಸ್ಕೂಟರು. ನಮ್ಮ ಮನೆಗಳ ಮುಂದೆ ನಿಂತಿರುವಂಥವೇ.

ಪ್ರೀಮಿಯಂ ನಮ್ಮ ವಯಸ್ಸು ಕೇಳುವುದಿಲ್ಲ

ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ನಿಗದಿ ಮಾಡುವುದು ಕಂಪನಿಯಲ್ಲ, ಸರಕಾರ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1,000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಾದರೆ 7,897. ನನ್ನದು 1.8 ಲೀಟರ್, ಅಂದರೆ ಮೂರನೆಯ ಸಾಲು. ಶೇ. 18 ಜಿಎಸ್‌ಟಿ ಸೇರಿ 9,300 ದಾಟುತ್ತದೆ. ಇದರ ಜೊತೆ ಓಡಿಸುವ ಯಜಮಾನನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ.

ಸ್ವಂತ ಕಾರಿನ ಹಾನಿಗೆ ಮಾಡಿಸುವ ವಿಮೆ ಬೇರೆ. ಅದು ಕಾರಿನ ಈಗಿನ ಬೆಲೆಯ ಮೇಲೆ ನಿಲ್ಲುತ್ತದೆ. ಐದು ವರ್ಷದೊಳಗಿನ ಕಾರಿಗೆ ಸವಕಳಿಯ ಪಟ್ಟಿ ಇದೆ. ನಾಲ್ಕರಿಂದ ಐದು ವರ್ಷದ ಕಾರೆಂದರೆ ಅರ್ಧ ಬೆಲೆ ಕಳೆದಂತೆ. ಅದಕ್ಕಿಂತ ಹಳೆಯದಾದರೆ ಕಂಪನಿಯೂ ನಾವೂ ಮಾತಾಡಿ ಒಪ್ಪಿಕೊಂಡ ಬೆಲೆ. ನನ್ನಂಥ ಹದಿನೈದು ವರ್ಷ ಮೀರಿದ ಕಾರಿಗೆ ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಮೂರು ಕಡೆ ಕೇಳಿ, ನಾಲ್ಕನೆಯ ಕಡೆ ಕಾರು ತೋರಿಸಿ, ಫೋಟೊ ತೆಗೆಸಿ ಮಾಡಿಸಿದೆ. ಹಳೆಯ ದರಪಟ್ಟಿಯ ಕಾಲದಿಂದಲೂ ಬೆಂಗಳೂರು, ಚೆನ್ನೈ ಮುಂತಾದ ಎಂಟು ದೊಡ್ಡ ನಗರಗಳು ‘ಎ’ ವಲಯ, ಉಳಿದ ಊರುಗಳೆಲ್ಲ ‘ಬಿ’ ವಲಯ. ಹೊಸೂರಿನ ಟಿಎನ್ 70 ನಂಬರಿನವರು ‘ಬಿ’ ವಲಯದವರು, ದರ ಸ್ವಲ್ಪ ಕಡಿಮೆ. ಗಡಿಯಿಂದ ನಮಗಾದ ಲಾಭಗಳಲ್ಲಿ ಇದೂ ಒಂದು.

ನಮ್ಮ ಚಿಕ್ಕಮ್ಮನ ಮಗಳು ಬ್ರಿಟನ್ನಿನಲ್ಲಿ ನರ್ಸು. ಅವಳಿಗೆ ಈ ಲೆಕ್ಕ ಹೇಳಿದಾಗ ನಂಬಲೇ ಇಲ್ಲ. ಅಲ್ಲಿ ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ. ವೇಗದ ಕಾರಾದಷ್ಟೂ ಮೇಲಿನ ಗುಂಪು. ಅದರ ಮೇಲೆ ಓಡಿಸುವವನ ವಯಸ್ಸು, ಲೈಸೆನ್ಸ್ ಪಡೆದು ಎಷ್ಟು ವರ್ಷವಾಯಿತು, ಮನೆ ಎಲ್ಲಿದೆ ಎಲ್ಲವನ್ನೂ ಕೇಳುತ್ತಾರೆ. ಇಪ್ಪತ್ತರ ಹುಡುಗ ಟರ್ಬೊ ಕಾರು ಇಟ್ಟುಕೊಂಡರೆ ಪ್ರೀಮಿಯಂ ನೋಡಿಯೇ ಬೆವರುತ್ತಾನೆ. ಕೆಲವರು ಕಾರಿನೊಳಗೆ ಒಂದು ಪೆಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ಎಷ್ಟು ಜೋರಾಗಿ ಬ್ರೇಕ್ ಹಾಕಿದ, ರಾತ್ರಿ ಎಷ್ಟು ಗಂಟೆಗೆ ಓಡಿಸಿದ ಎಂದು ಅದು ಕಂಪನಿಗೆ ಹೇಳುತ್ತದೆ.

ನಮ್ಮಲ್ಲಿ ವಿಮೆ ಇರುವುದು ಕಾರಿಗೆ, ಓಡಿಸುವವನ ವಯಸ್ಸಿಗಲ್ಲ. ಓಡಿಸುವ ರೀತಿ ನೋಡಿ ದರ ಹಾಕುವ ಪಾಲಿಸಿಗಳಿಗೆ 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರ ಅನುಮತಿ ಕೊಟ್ಟಿದ್ದರೂ ಅದು ಇಷ್ಟವಿದ್ದವರಿಗೆ ಮಾತ್ರ. ಹದಿನೆಂಟು ತುಂಬಿದ ಹುಡುಗನಿಗೂ ಅರುವತ್ತರ ಅವನ ತಾತನಿಗೂ ಒಂದೇ ಪ್ರೀಮಿಯಂ. ಕೇಳಲು ಖುಷಿಯಾಗುತ್ತದೆ. ಆದರೆ ಯೋಚಿಸಿ: ಅಲ್ಲಿ “ತಮ್ಮಾ, ನಿನಗೆ ಅಪಾಯ ಜಾಸ್ತಿ” ಎಂದು ಪ್ರೀಮಿಯಂ ಹೇಳುತ್ತದೆ. ಇಲ್ಲಿ ಯಾರೂ ಹೇಳುವುದಿಲ್ಲ. ಅಪಾಯವಂತೂ ಇಲ್ಲಿ ಇದ್ದೇ ಇದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವಯಸ್ಸಿನವರು. ಆ ವರ್ಷ ಅತಿ ಹೆಚ್ಚು ಅಪಘಾತ ನಡೆದ ರಾಜ್ಯ ನಮ್ಮ ತಮಿಳುನಾಡು. ಸಾವುಗಳಲ್ಲಿ ಬಹುಪಾಲಿಗೆ ಕಾರಣ ಅತಿವೇಗ. ಪ್ರೀಮಿಯಂ ಹೇಳದ ಮಾತನ್ನು ನಮ್ಮ ಮನೆಯವರು, ನಮ್ಮ ಸ್ನೇಹಿತರು ಹೇಳಬೇಕು. ಹೇಳಿದಾಗ ಮುಖ ಸಿಂಡರಿಸಬಾರದು.

ಮಾಡಿಫಿಕೇಷನ್: ಮಾಡಿಸಿದ್ದು, ಮಾಡಿಸದ್ದು

ಈಗ ನಮ್ಮ ಹುಡುಗರು ಕಾಯುತ್ತಿರುವ ಭಾಗ.

ಈ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆದರೆ 150 ಇರುವ ಅಶ್ವಶಕ್ತಿಯನ್ನು 190ರ ಹತ್ತಿರಕ್ಕೆ ತರಬಹುದು. ರೀಮ್ಯಾಪ್ ಅನ್ನುವುದು ಇದಕ್ಕೇ. ಟರ್ಬೊ ಇನ್ನಷ್ಟು ಗಾಳಿ ತುಂಬುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಬಿಡುತ್ತದೆ, ಅಷ್ಟೇ ವಿದ್ಯೆ. ಬೆಂಗಳೂರಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ನಾನು ಮಾಡಿಸಿಲ್ಲ. ಹದಿನೆಂಟು ವರ್ಷದ ಕ್ಲಚ್ಚು, ಗೇರ್‌ಬಾಕ್ಸು, ಟರ್ಬೊ ಆ ಭಾರ ಎಷ್ಟು ದಿನ ಹೊರುತ್ತವೆ ಎಂಬುದು ಒಂದು. ಕಾನೂನು ಇನ್ನೊಂದು.

ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿ ಮಾರ್ಪಾಡು ಮಾಡಿಸಿದ ಯಜಮಾನನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಸದ್ದು, ಹೊಗೆಯ ನಿಯಮ ಮೀರಿದ ಗಾಡಿಗೆ ದಂಡ 10,000ದವರೆಗೆ. ಮುಂದೆ ಹಾಕಿಸುವ ಕಬ್ಬಿಣದ ಬುಲ್ ಬಾರನ್ನು 2017ರ ಕೊನೆಯಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡವೆಂದಿದೆ. ಗುದ್ದಿದಾಗ ಕಾರಿನ ಮೂತಿ ಮಡಚಿಕೊಂಡು ಏಟು ನುಂಗಬೇಕು, ಏರ್‌ಬ್ಯಾಗಿಗೆ ಸಂಕೇತ ಹೋಗಬೇಕು. ಕಬ್ಬಿಣ ಅಡ್ಡ ನಿಂತರೆ ಎರಡೂ ಕೆಡುತ್ತವೆ. ಎದುರಿಗೆ ಸಿಕ್ಕವನ ಮೊಣಕಾಲಿನ ಗತಿ ಹೇಳಬೇಕಾಗಿಲ್ಲ.

ಇನ್ಶೂರೆನ್ಸಿಗೆ ಬಂದರೆ, ಕಂಪನಿಗೆ ತಿಳಿಸದ ಮಾರ್ಪಾಡು ನಮ್ಮ ಕ್ಲೇಮಿಗೇ ಕುತ್ತು. ಸರ್ವೇಯರ್ ಬಂದು ಬಾನೆಟ್ ಎತ್ತಿದಾಗ ಕಂಪನಿಯದಲ್ಲದ ಭಾಗ ಕಂಡರೆ ಕಡಿತ ಮಾಡಬಹುದು, ಅಪಘಾತಕ್ಕೆ ಅದೇ ಕಾರಣವೆಂದಾದರೆ ಪೂರ್ತಿ ತಳ್ಳಿಹಾಕಲೂಬಹುದು. ಮ್ಯೂಸಿಕ್ ಸಿಸ್ಟಂನಂಥ ಎಲೆಕ್ಟ್ರಾನಿಕ್ ಸಾಮಾನುಗಳನ್ನಾದರೆ ಪಾಲಿಸಿಯಲ್ಲಿ ಬರೆಸಿ, ಬೆಲೆಯ ಶೇ. 4ರಷ್ಟು ಹೆಚ್ಚು ಕಟ್ಟಿದರೆ ಅವಕ್ಕೂ ರಕ್ಷಣೆ ಸಿಗುತ್ತದೆ. ಕಾರಿನ ಬಣ್ಣ ಪೂರ್ತಿ ಬದಲಿಸುವುದಾದರೆ ಆರ್‌ಸಿಯಲ್ಲಿ ಬರೆಸಬೇಕು.

ಹಾಗಾದರೆ ನಾನು ಮಾಡಿಸಿದ್ದೇನು? ಒಳ್ಳೆಯ ಬ್ರೇಕ್ ಪ್ಯಾಡು. ಹೊಸ ಬ್ರೇಕ್ ಆಯಿಲ್, ಎರಡು ವರ್ಷಕ್ಕೊಮ್ಮೆ ಬದಲಿಸುವುದು. ಕಂಪನಿ ಹೇಳಿದ ಅಳತೆಯದೇ ಒಳ್ಳೆಯ ಟೈರು. ಸಸ್ಪೆನ್ಷನ್ನಿನ ಸವೆದ ಬುಷ್‌ಗಳೆಲ್ಲ ಹೊಸವು. ಹಳದಿಯಾಗಿದ್ದ ಹೆಡ್‌ಲೈಟಿಗೆ ಪಾಲಿಷ್. “ಇದೇನಣ್ಣಾ, ಒಂದೂ ಕಣ್ಣಿಗೆ ಕಾಣಲ್ಲ” ಎಂದ ಒಬ್ಬ. ಕಾಣುವುದಿಲ್ಲ ನಿಜ. ತಳಿ ರಸ್ತೆಯ ತಿರುವಿನಲ್ಲಿ ಹಸು ಅಡ್ಡ ಬಂದಾಗ ಪಕ್ಕದಲ್ಲಿ ಕೂತಿದ್ದರೆ ಗೊತ್ತಾಗುತ್ತಿತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮನೆಗೆ ಹೋಗಿ ನೋಡಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದ ಟೈರು. ಗುಂಡಿ ಗುಂಡಿ ಹೊಸದಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಎಲ್ಲಿ ಓಡಿಸುವುದು, ಯಾರಿಗೆ ಕೊಡುವುದು

ಬಿಎಸ್‌ಸಿಯಲ್ಲಿ ಕಲಿತದ್ದರಲ್ಲಿ ದಿನವೂ ಕೆಲಸಕ್ಕೆ ಬರುವ ಒಂದು ಪಾಠ ಚಲನಶಕ್ತಿಯದು. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ಹೋಗುವವನು 80ಕ್ಕೆ ಏರಿಸಿದರೆ ವೇಗ ಮೂರನೇ ಒಂದು ಪಾಲು ಹೆಚ್ಚಾಯಿತು, ಗುದ್ದುವ ಶಕ್ತಿ ಮಾತ್ರ ಮುಕ್ಕಾಲು ಪಾಲಿಗಿಂತ ಹೆಚ್ಚಾಯಿತು. 80ರ ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್. ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ನಮ್ಮ ರಸ್ತೆಗಳು ನಿಮಗೆ ಗೊತ್ತೇ ಇವೆ. ತಳಿ, ಜವಳಗಿರಿಯ ಕಾಡಂಚಿನಲ್ಲಿ ರಾಗಿ ಕೊಯ್ಲಿನ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ಬರುತ್ತವೆ. ಸಂಜೆಯ ಮೇಲೆ ಆ ದಾರಿಯಲ್ಲಿ ಟರ್ಬೊಗೆ ಕೆಲಸವಿಲ್ಲ. ದೊಡ್ಡ ಹೆದ್ದಾರಿ ಎಂದರೆ 44. ಹೊಸೂರಿನಿಂದ ಶೂಲಗಿರಿ, ಕೃಷ್ಣಗಿರಿ ದಾಟಿ ಧರ್ಮಪುರಿಯಾಚೆಯ ತೊಪ್ಪೂರು ಘಾಟಿಯವರೆಗೆ ಎಷ್ಟು ಹೆಣಗಳನ್ನು ಆ ದಾರಿ ಕಂಡಿದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ನಿಜವಾಗಿಯೂ ವೇಗ ನೋಡಬೇಕೆನ್ನುವವರಿಗೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇವೆ. ಅಲ್ಲಿ ಎದುರಿಂದ ಎತ್ತಿನ ಗಾಡಿ ಬರುವುದಿಲ್ಲ. ಒಂದು ಮಾತು ನೆನಪಿರಲಿ: ಮಾಮೂಲಿ ಕಾರು ಪಾಲಿಸಿ ರೇಸಿಗೆ, ವೇಗದ ಪರೀಕ್ಷೆಗೆ ನಡೆಯುವುದಿಲ್ಲ.

“ಒಂದು ರೌಂಡು ಕೊಡಣ್ಣಾ” ಎಂದು ಕೇಳುವವರಲ್ಲಿ ಲೈಸೆನ್ಸ್ ಇಲ್ಲದವರಿಗೆ ನನ್ನ ಉತ್ತರ ಯಾವಾಗಲೂ ಒಂದೇ. ಬೇಸರ ಮಾಡಿಕೊಂಡವರೂ ಇದ್ದಾರೆ, ಎರಡು ವಾರ ಮಾತು ಬಿಟ್ಟವನೂ ಇದ್ದಾನೆ. ಕಾರಣ ಕೇಳಿ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಯಜಮಾನನಿಗೆ 5,000 ದಂಡ. ಅದು ಚಿಕ್ಕ ಮಾತು. ಅವನು ಯಾರಿಗಾದರೂ ಗುದ್ದಿದರೆ, ನ್ಯಾಯಾಲಯಗಳು ಸಾಮಾನ್ಯವಾಗಿ ಕಂಪನಿಯಿಂದ ಗಾಯಾಳುವಿಗೆ ಮೊದಲು ಪರಿಹಾರ ಕೊಡಿಸಿ, ಆಮೇಲೆ ಅದೇ ದುಡ್ಡನ್ನು ಯಜಮಾನನಿಂದ ವಸೂಲಿ ಮಾಡಿಕೊಳ್ಳಲು ಬಿಡುತ್ತವೆ. ಆ ಮೊತ್ತ ಹತ್ತು ಲಕ್ಷವೂ ಆಗಬಹುದು, ಐವತ್ತೂ ಆಗಬಹುದು. ಓಡಿಸಿದವನಿಗೆ 18 ತುಂಬಿಲ್ಲದಿದ್ದರೆ ಅವನ ತಂದೆ-ತಾಯಿಗೆ ಅಥವಾ ಗಾಡಿಯ ಯಜಮಾನನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹತ್ತನೇ ಕ್ಲಾಸಿನ ಮಗನ ಕೈಗೆ ಸ್ಕೂಟರ್ ಬೀಗ ಕೊಟ್ಟು ಟ್ಯೂಷನ್ನಿಗೆ ಕಳಿಸುವ ತಂದೆ-ತಾಯಂದಿರು ಈ ಸಾಲನ್ನು ಇನ್ನೊಂದು ಸಲ ಓದಿ.

ಹಳೆಯ ಗಾಡಿ ಕೊಂಡವರು ಮರೆಯುವುದು

ಹಳೆಯ ಬೈಕೋ ಕಾರೋ ಕೊಂಡ ಮೇಲೆ “ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ” ಎಂದು ಸುಮ್ಮನಿರುವವರು ಬಹಳ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ನಮಗೆ ಬರುತ್ತದೆ. ಸ್ವಂತ ಹಾನಿಯ ಭಾಗ ತಾನಾಗಿ ಬರುವುದಿಲ್ಲ. ಕೊಂಡ 14 ದಿನದೊಳಗೆ ಕಂಪನಿಗೆ ಬರೆದು ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ ಶೇ. 20ರಿಂದ ಶುರುವಾಗಿ 50ರವರೆಗೆ ಏರುತ್ತದೆ. ಅದು ಗಾಡಿಯದಲ್ಲ, ಯಜಮಾನನದು. ಮಾರಿದವನು ತನ್ನ ಜೊತೆ ತೆಗೆದುಕೊಂಡು ಹೋಗುತ್ತಾನೆ. ಪಾಲಿಸಿ ಮುಗಿದು 90 ದಿನ ಮೀರಿದರೆ ನಮ್ಮ ರಿಯಾಯಿತಿಯೂ ಕೈಬಿಟ್ಟು ಹೋಗುತ್ತದೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000, ಎರಡನೇ ಸಲ 4,000 ದಂಡ. ಜೈಲಿಗೂ ಅವಕಾಶವಿದೆ.

ಹೆಸರು ಹೇಳದೆ ಹೋದವನು

ದೊಡ್ಡಪ್ಪನ ಕಥೆಯಲ್ಲಿ ಒಬ್ಬನ ಬಗ್ಗೆ ಹೇಳುವುದು ಉಳಿದಿದೆ. ಅವತ್ತು ಅವರನ್ನು ಎತ್ತಿ ಹೊಸೂರಿನ ಆಸ್ಪತ್ರೆಗೆ ಸೇರಿಸಿದವನು ಹಾಲಿನ ಗಾಡಿಯ ಡ್ರೈವರ್. ದೊಡ್ಡಮ್ಮ ಓಡಿ ಬರುವಷ್ಟರಲ್ಲಿ ಹೊರಟುಹೋಗಿದ್ದ, ಹೆಸರೂ ಹೇಳಿರಲಿಲ್ಲ. ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಭಯ. ಆ ಕಾಲದಲ್ಲಿ ಆ ಭಯಕ್ಕೆ ಕಾರಣವೂ ಇತ್ತು.

ಈಗ ಹಾಗಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥವರ ರಕ್ಷಣೆಯ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು 134ಎ ಕಲಂ ಆಗಿ ಕಾಯಿದೆಯೊಳಗೇ ಬಂತು. ಗಾಯಾಳುವಿಗೆ ನೆರವಾದವನ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ಆ ಕಲಂನಲ್ಲಿ ಅವನಿಗೆ ಇಟ್ಟಿರುವ ಹೆಸರು ‘ಗುಡ್ ಸಮಾರಿಟನ್’. ಲೂಕನ ಶುಭಸಂದೇಶದ ಆ ಸಮಾರಿಯದವನೇ. ದೇಶದ ಕಾನೂನು ಅವನ ಹೆಸರಿಟ್ಟುಕೊಂಡಿರುವಾಗ, ಪ್ರತಿ ವರ್ಷ ಪೀಠದ ಮುಂದೆ ಕುಳಿತು ಆ ಕಥೆ ಕೇಳುವ ನಾವು ರಸ್ತೆಯಲ್ಲಿ ಬಿದ್ದವನನ್ನು ದಾಟಿ ಹೋಗಬಾರದು. ನನ್ನ ಡಿಕ್ಕಿಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಹಳೆಯ ಬೆಡ್‌ಶೀಟು, ಟಾರ್ಚು ಇರುತ್ತವೆ. ಕಾರಿಗೆ ನಾನು ಸೇರಿಸಿದ ಸಾಮಾನುಗಳಲ್ಲಿ ನನಗೆ ಹೆಮ್ಮೆ ಇರುವುದು ಇವುಗಳ ಬಗ್ಗೆ.

ಜುಲೈ 25ರ ಸುಮಾರಿಗೆ ಸಂತ ಕ್ರಿಸ್ಟೋಫರರ ಹಬ್ಬ. ಆ ವಾರ ವಾಹನಗಳ ಆಶೀರ್ವಾದ ಇಟ್ಟುಕೊಳ್ಳೋಣ ಎಂದು ಫಾದರ್ ಹೇಳಿದ್ದಾರೆ. ಯುವಜನರ ಪರವಾಗಿ ನನ್ನದೊಂದು ಕೋರಿಕೆ: ಅವತ್ತು ಗಾಡಿ ತೊಳೆದು ಹೂವಿನ ಹಾರ ಹಾಕಿ ತನ್ನಿ, ಜೊತೆಗೆ ಆರ್‌ಸಿ, ಇನ್ಶೂರೆನ್ಸ್ ಕಾಗದವನ್ನೂ ತನ್ನಿ. ನಾವು ನಾಲ್ಕು ಜನ ಮೇಜು ಹಾಕಿಕೊಂಡು ಕೂತಿರುತ್ತೇವೆ. ಪ್ರತಿ ಮನೆಯ ಬೈಕು, ಸ್ಕೂಟರು, ಟ್ರ್ಯಾಕ್ಟರು, ಕಾರಿನ ಪಾಲಿಸಿ ಯಾವತ್ತು ಮುಗಿಯುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಹದಿನೈದು ದಿನ ಮುಂಚೆ ಫೋನ್ ಮಾಡಿ ನೆನಪಿಸುತ್ತೇವೆ. ಮುಗಿದಿದ್ದರೆ ನಾಚಿಕೊಳ್ಳಬೇಡಿ, ಅಲ್ಲೇ ಕೂತು ಮೊಬೈಲಿನಲ್ಲೇ ಕಟ್ಟಲು ಸಹಾಯ ಮಾಡುತ್ತೇವೆ. ಮೊದಲ ಹೆಸರು ಬರೆಸಲು ದೊಡ್ಡಪ್ಪ ಒಪ್ಪಿದ್ದಾರೆ. ಅವರ ಬಳಿ ಇರುವುದು ಒಂದು ಹಳೆಯ ಮೊಪೆಡ್. ಅದರ ಇನ್ಶೂರೆನ್ಸ್ ಈವರೆಗೆ ಒಂದು ದಿನವೂ ತಪ್ಪಿಲ್ಲ.